ಒರಟು ಕಡೆ

ನನಗೆ ಜಂಬ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಮೂವತ್ತೊಂದು ವರ್ಷದಿಂದ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದೇನೆ. ಬೀದಿಯವರೆಲ್ಲ ನನ್ನನ್ನು ಕರೆಯುವುದೇ ಕಟ್ಟಿನಮ್ಮ ಅಂತ. ಮದುವೆ ಫೋಟೋ, ಸರ್ಟಿಫಿಕೇಟು, ಸತ್ತವರ ಫೋಟೋ, ಬದುಕಿದ್ದೂ ಸತ್ತವರ ಹಾಗೆ ಮುಖ ಮಾಡಿಕೊಂಡವರ ಫೋಟೋ, ಎಲ್ಲಕ್ಕೂ ನನ್ನ ಕೈಯದೇ ಕಟ್ಟು. ಒಂದೂ ಮೂಲೆ ಬಿಟ್ಟುಕೊಂಡು ವಾಪಸ್ ಬಂದದ್ದಿಲ್ಲ. ನಮ್ಮ ಯಜಮಾನರು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಕೊಯ್ಯುತ್ತಾರೆ. ಅವರ ಕೈಯಲ್ಲಿ ಒಂದು ಗಾಜು ಒಡೆದರೆ ನಾನು ವಾರವಿಡೀ ಆಡಿಕೊಳ್ಳುತ್ತೇನೆ. ಅಂಥ ಬಾಯಿ ನನ್ನದು. ಆ ಬಾಯಿ ಕಟ್ಟಿಹೋದ ದಿನದ ಕಥೆ ಇದು.

ಒಂಬತ್ತು ವರ್ಷದ ಹಿಂದೆ ಒಬ್ಬ ಡಾಕ್ಟರು ತಮ್ಮ ಹೊಸ ಕ್ಲಿನಿಕ್ಕಿಗೆ ಅಂತ ಏಳು ಚಿತ್ರ ಕಟ್ಟು ಹಾಕಲು ಕಳಿಸಿದರು. ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟುಹೋದದ್ದಂತೆ. ಆರು ಚಿತ್ರ ಹೂವು, ಹಣ್ಣು, ದೋಣಿ. ಏಳನೆಯದು ಹಾರ್ಡ್‌ಬೋರ್ಡಿನ ಮೇಲೆ ಇತ್ತು.

ಹಾರ್ಡ್‌ಬೋರ್ಡಿಗೆ ಎರಡು ಮೈ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗೋಣಿಚೀಲದ ಹಾಗೆ ಒರಟು. ನನಗೆ ಕೆಲಸ ಕಲಿಸಿದ ಮಾವ ಮೊದಲ ದಿನವೇ ಹೇಳಿದ್ದರು: “ನುಣುಪು ಕಡೆ ಮುಖ, ಒರಟು ಕಡೆ ಬೆನ್ನು. ಯಾವ ಕಡೆ ಅಂತ ಗಿರಾಕೀನ ಕೇಳೋಕೆ ಹೋಗಬೇಡಮ್ಮ, ಇವಳಿಗೆ ಕೆಲಸ ಬರಲ್ಲ ಅಂದ್ಕೋತಾರೆ.” ಈ ಹಲಗೆಯ ಒರಟು ಕಡೆಗೆ ಆಗಲೇ ಕಂದು ಕಾಗದ ಅಂಟಿಸಿತ್ತು. ಧೂಳು ಹೋಗದ ಹಾಗೆ ಬೆನ್ನಿಗೆ ಕಾಗದ ಅಂಟಿಸುವುದು ನಮ್ಮ ಕಸುಬಿನವರ ಪದ್ಧತಿ. ‘ಬರೆದವನು ಅಚ್ಚುಕಟ್ಟಿನ ಮನುಷ್ಯ, ಬೆನ್ನನ್ನೂ ಮರೆತಿಲ್ಲ’ ಎಂದು ಖುಷಿಯಾಗಿ ನುಣುಪು ಕಡೆಯನ್ನು ನನ್ನತ್ತ ತಿರುಗಿಸಿಕೊಂಡೆ.

ಅಯ್ಯೋ, ಏನು ಹೇಳಲಿ! ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟುಬಿಟ್ಟೆ.

ಬೂದಿ ಬಣ್ಣದ ದೊಡ್ಡ ಬಯಲು, ಮಂಜು ಮುಸುಕಿದಂತೆ. ಮೇಲುಗಡೆ ಅಡ್ಡಕ್ಕೆ ಹಳದಿಯ ಒಂದು ಸೀಳು, ಆಗಷ್ಟೇ ಬೆಳಕು ಹರಿಯುತ್ತಿದೆ. ಬಲಗಡೆ ಹಸಿರಿನ ಗುಪ್ಪೆ, ಮರವೋ ಗುಡ್ಡವೋ. ನಡುವೆ ತೆಳುಗೆಂಪಿನ ಮಬ್ಬು. ಎಡಗಡೆ ತೀರಾ ಕೆಳಗೆ ಎರಡು ಕಪ್ಪು ಗೀಟು, ಒಂದರ ಪಕ್ಕ ಒಂದು, ನಡೆದು ಹೋಗುತ್ತಿರುವ ಮನುಷ್ಯನ ಕಾಲಿನಂತೆ. ಮೂಲೆಯಲ್ಲಿ ಹೆಸರಿಲ್ಲ, ಬಿಳಿಯಲ್ಲಿ ‘೧೪’ ಎಂಬ ಸಂಖ್ಯೆ ಮಾತ್ರ. ಹೆಸರು ಹಾಕದೆ ಸಂಖ್ಯೆ ಹಾಕಿದ್ದಾನೆ, ಎಂಥ ದೊಡ್ಡ ಮನುಷ್ಯನಿರಬೇಕು ಅಂದುಕೊಂಡೆ.

ನನ್ನ ಅಕ್ಕ ತೀರಿಹೋಗಿ ಆಗ ಎರಡು ತಿಂಗಳು. ಯಾರು ಸಮಾಧಾನ ಹೇಳಲು ಬಂದರೂ ಮೈಮೇಲೆ ಬೀಳುತ್ತಿದ್ದೆ. ಆದರೆ ಆ ಎರಡು ಗೀಟಿನ ಮನುಷ್ಯ ಅಳುತ್ತಿರಲಿಲ್ಲ, ಓಡುತ್ತಿರಲಿಲ್ಲ, ತಿರುಗಿ ನೋಡುತ್ತಿರಲಿಲ್ಲ. ಬೆಳಕಿನ ಕಡೆಗೆ ಸುಮ್ಮನೆ ನಡೆಯುತ್ತಿದ್ದ. ಹೋಗುವುದೆಂದರೆ ಹೀಗಾದರೆ ಪರವಾಗಿಲ್ಲ ಅನ್ನಿಸಿತು. ಎರಡು ತಿಂಗಳಲ್ಲಿ ಮೊದಲ ಸಲ ಅತ್ತೆ, ಅಂಗಡಿಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತೆ.

ಆಮೇಲೆ ಕಟ್ಟು ಹಾಕಲು ಕೂತೆ. ಬೆನ್ನಿಗೆ ಹಳೆಯ ಕಾಗದವಿದ್ದರೆ ಅದನ್ನು ಕಿತ್ತು, ಒರೆಸಿ, ಹೊಸದು ಅಂಟಿಸಬೇಕು. ಇದೂ ಮಾವನ ಪಾಠವೇ. ಅವತ್ತೊಂದು ದಿನ ಕೀಳಲಿಲ್ಲ. ಬೇಗ ಗೋಡೆಗೆ ಹಾಕಿ ನೋಡಬೇಕು ಎಂಬ ಆತುರ. ಹಳೆಯ ಕಾಗದ ಅಂಚಿಗೆ ಮಾತ್ರ ಅಂಟಿತ್ತು, ನಡುವೆ ಸಡಿಲವಾಗಿತ್ತು. ಇದು ನೂರು ವರ್ಷ ಬಾಳಲಿ ಎಂದು ಬಿಳಿ ಅಂಟನ್ನು ಆ ಹಳೆಯ ಕಾಗದದ ನಟ್ಟನಡುವೆ ಧಾರಾಳವಾಗಿ ಸುರಿದು, ಅಂಗೈಯಿಂದ ಅಂಚಿನವರೆಗೂ ಹರಡಿ, ಮೇಲೆ ಹೊಸ ಕಾಗದ ಬಿಗಿದೆ. ಪ್ರೀತಿ ಹೆಚ್ಚಾಯಿತು, ಅಂಟೂ ಹೆಚ್ಚಾಯಿತು.

ಡಾಕ್ಟರ ಕಡೆಯವನು ಬಂದು ಆರನ್ನು ತೆಗೆದುಕೊಂಡ. ಏಳನೆಯದನ್ನು ನೋಡಿ ಮೂತಿ ಸೊಟ್ಟ ಮಾಡಿದ. “ಇದೇನು ಅಂತಾನೇ ಗೊತ್ತಾಗಲ್ಲ. ಪೇಷಂಟುಗಳು ಹೆದರ್ಕೋತಾರೆ. ನೀವೇ ಇಟ್ಕೊಳ್ಳಿ.” ಅವನು ಮನಸ್ಸು ಬದಲಾಯಿಸುವ ಮೊದಲೇ ಅದನ್ನು ನನ್ನ ಕೆಲಸದ ಮೇಜಿನ ಎದುರು ಗೋಡೆಗೆ ತೂಗುಹಾಕಿದೆ.

ಒಂಬತ್ತು ವರ್ಷ ಅಲ್ಲೇ ಇತ್ತು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅದರ ಜತೆ ಒಂದು ಮಾತು. ಯಜಮಾನರ ಜತೆ ಜಗಳವಾದರೆ ದೂರು ಹೇಳುವುದೂ ಅದಕ್ಕೇ. ಅವರೋ ಒಳಗಿನಿಂದ ಕೂಗುತ್ತಿದ್ದರು: “ಏನಂತೆ ನಿನ್ನ ಎರಡನೇ ಗಂಡ? ಊಟ ಆಯ್ತಂತಾ?” ನಾನೂ ಬಿಡುತ್ತಿರಲಿಲ್ಲ. “ನಿಮ್ಮ ಹಾಗೆ ಗೊರಕೆ ಹೊಡೆಯಲ್ಲ, ಅಷ್ಟು ಸಾಕು!”

ಹೋದ ತಿಂಗಳು ಮಗಳು ನಾನು ಆ ಚಿತ್ರದ ಕೆಳಗೆ ಕೂತು ಟೀ ಕುಡಿಯುತ್ತಿರುವ ಫೋಟೋ ತೆಗೆದು, ‘ನಮ್ಮಮ್ಮ ಮತ್ತು ಅವಳ ಎರಡನೇ ಗಂಡ’ ಎಂದು ಬರೆದು ಫೋನಿನಲ್ಲಿ ಊರಿಗೆಲ್ಲ ಹಂಚಿದಳು. ನಾಲ್ಕು ಬೈದೆ. ಐದನೆಯ ಬೈಗುಳ ಬಾಯಲ್ಲಿರುವಾಗಲೇ ಅಂಗಡಿಯ ಫೋನ್ ಹೊಡೆದುಕೊಂಡಿತು.

“ನಮಸ್ಕಾರ. ಫೋನಲ್ಲಿ ನಿಮ್ಮ ಅಂಗಡಿ ಫೋಟೋ ನೋಡಿದೆ. ಆ ಹದಿನಾಲ್ಕನೇ ನಂಬರಿನ ಹಲಗೆ ನಿಮ್ಮ ಹತ್ರ ಇದೆಯಾ?” ವಯಸ್ಸಾದ ದನಿ, ನಿಧಾನದ ಮಾತು.

“ಯಾರು ನೀವು?”

“ನಾನು ಶಾಲೇಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಅದು ನನ್ನದು.”

ನಿಂತಿದ್ದವಳು ಕೂತೆ. ಒಂಬತ್ತು ವರ್ಷ ಮನಸ್ಸಿನಲ್ಲೇ ಮಾತಾಡಿಸಿದ ಮನುಷ್ಯ ಫೋನಿನಲ್ಲಿ ಕೆಮ್ಮುತ್ತಿದ್ದಾನೆ! ಚಿತ್ರ ಅನ್ನದೆ ಹಲಗೆ ಅಂದರಲ್ಲ, ಅದು ಅವರ ವಿನಯ ಅಂದುಕೊಂಡೆ.

“ಹಿಂದುಗಡೆ ಕಾಗದ ಹಾಗೇ ಇದೆಯಾ, ಕಿತ್ತಿದ್ದೀರಾ?” ಎಂದು ಕೇಳಿದರು.

“ಕೀಳೋದಾ? ಅದರ ಮೇಲೆ ಇನ್ನೊಂದು ಅಂಟಿಸಿದೀನಿ ಮೇಷ್ಟ್ರೇ! ಮೈತುಂಬಾ ಅಂಟು ಹಾಕಿ. ಇರುವೆ ಕೂಡ ಒಳಗೆ ಹೋಗಲ್ಲ.”

ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಹಲೋ ಅಂದೆ. “ಇದ್ದೀನಮ್ಮಾ,” ಎಂದರು ಕೊನೆಗೆ. “ಕಾಲಿಗೆ ಆಪರೇಷನ್ ಆಗಿದೆ. ಮೂರು ವಾರ ಎಲ್ಲೂ ಹೋಗಬಾರದಂತೆ. ಅದಾದ ಮೇಲೆ ಬರ್ತೀನಿ. ಅಲ್ಲೀತನಕ ಅದನ್ನ ಯಾರಿಗೂ ಕೊಡಬೇಡಿ, ಬಿಚ್ಚಬೇಡಿ.”

ಆ ಮೂರು ವಾರ ದಿನಾ ಸಂಜೆ ನಾಲ್ಕಕ್ಕೆ ಫೋನ್ ಬರುತ್ತಿತ್ತು. ಮೊದಲು ಅವರು ಹಲಗೆ ಸುರಕ್ಷಿತವಾಗಿದೆಯೇ ಎಂದು ಕೇಳುವುದು, ಆಮೇಲೆ ಪೂರ್ತಿ ನನ್ನದೇ ಮಾತು. ಆ ಹಳದಿ ಸೀಳಿನ ಬಗ್ಗೆ, ಹಸಿರಿನ ಬಗ್ಗೆ, ನಡೆಯುವವನ ಬಗ್ಗೆ, ನನ್ನ ಅಕ್ಕನ ಬಗ್ಗೆ. “ಅವನು ಎಲ್ಲಿಗೆ ಹೋಗ್ತಿದ್ದಾನೆ ಮೇಷ್ಟ್ರೇ?” ಎಂದರೆ, “ನೀವೇ ಹೇಳಿ,” ಅನ್ನುತ್ತಿದ್ದರು. ಅವರ ಹೆಂಡತಿ ಹನ್ನೆರಡು ವರ್ಷದ ಹಿಂದೆ ತೀರಿಹೋದದ್ದು, ಈಗ ಮಗಳ ಮನೆಯಲ್ಲಿ ಇರುವುದು, ಅಳಿಯ ಟೀವಿ ಜೋರಾಗಿ ಹಾಕುವುದು ಎಲ್ಲ ತಿಳಿಯಿತು. ನಾಲ್ಕಾಗುವ ಹೊತ್ತಿಗೆ ನಾನು ತಲೆ ಬಾಚಿಕೊಂಡಿರುತ್ತಿದ್ದೆ. “ಫೋನಲ್ಲಿ ತಲೆ ಕಾಣಲ್ಲ ಕಣೇ,” ಎಂದು ಯಜಮಾನರು ನಕ್ಕರು. ನಗಲಿ ಬಿಡಿ, ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಮೊನ್ನೆ ಗುರುವಾರ ಹನ್ನೊಂದಕ್ಕೆ ಮೇಷ್ಟ್ರು ಬಂದರು. ಕೋಲು ಊರಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಣ್ಣ ಆಳು. ನಾನು ಹೊಸ ಮೇಜುಬಟ್ಟೆ ಹಾಸಿದ್ದೆ. ಬನ್ನಿ ಬನ್ನಿ ಎಂದು ಎದುರು ಹೋಗಿ, ಚಿತ್ರದ ಮುಂದೆ ಅವರನ್ನು ನಿಲ್ಲಿಸಿ, ಏನು ಹೇಳುತ್ತಾರೋ ಎಂದು ಮುಖ ನೋಡುತ್ತಾ ನಿಂತೆ.

ಮೇಷ್ಟ್ರು ಚಿತ್ರದ ಮೇಲೆ ಕಣ್ಣು ನಿಲ್ಲಿಸಲೇ ಇಲ್ಲ. ಕಟ್ಟಿನ ಅಂಚು ಹಿಡಿದು, ಗೋಡೆಯಿಂದ ಸ್ವಲ್ಪ ಸರಿಸಿ, ಹಿಂದೆ ಇಣುಕಿದರು. “ಪೂರ್ತಿ ಅಂಟಿಸಿಬಿಟ್ಟಿದ್ದೀರಾ,” ಎಂದರು.

“ಹಿಂದೆ ಏನು ನೋಡ್ತೀರಿ ಮೇಷ್ಟ್ರೇ, ಮುಂದೆ ನೋಡಿ!”

ಅವರು ನನ್ನ ಕಡೆ ತಿರುಗಿದರು. “ಅಮ್ಮಾ, ಇದು ಬೆನ್ನು. ಚಿತ್ರ ಆ ಕಡೆ ಇದೆ.”

ಏನು ಕೇಳಿಸಿತೆಂದೇ ತಿಳಿಯಲಿಲ್ಲ. ತಮಾಷೆ ಅಂದುಕೊಂಡು ಹಲ್ಲು ಬಿಟ್ಟೆ. ಅವರು ನಗಲಿಲ್ಲ.

“ನಾನು ಬರೆಯೋದು ಒರಟು ಕಡೆ. ಅಲ್ಲಿ ಬಣ್ಣ ಚೆನ್ನಾಗಿ ಕೂರುತ್ತೆ. ಬ್ರಷ್ ತೊಳೆದ ಮೇಲೆ ನೀರು ತೆಗೀಬೇಕಲ್ಲ, ಕೈ ಹಿಂದೆ ಹಾಕಿ ಈ ನುಣುಪು ಕಡೆಗೆ ಒರೆಸ್ತಿದ್ದೆ. ನೋಡ್ತಾನೂ ಇರಲಿಲ್ಲ. ಹದಿನಾಲ್ಕು ಅನ್ನೋದು ಶಾಲೆಯವರು ಹಾಕಿದ ಹಲಗೆ ನಂಬರು.”

ಒಳಗೆ ಗಾಜು ಕೊಯ್ಯುವ ಸದ್ದು ನಿಂತುಹೋಯಿತು. ಬ್ರಷ್ ಒರೆಸಿದ ಹಲಗೆ! ಒಂಬತ್ತು ವರ್ಷ ನಾನು ಮಾತಾಡಿಸಿದ್ದು, ಬಾಗಿಲು ಹಾಕಿಕೊಂಡು ಅತ್ತದ್ದು, ಒರೆಸಿ ಬಿಟ್ಟ ನೀರಿನ ಮುಂದೆ! ನಾಚಿಕೆಯಿಂದ ಕಿವಿ ಕಾದುಹೋಯಿತು. ಹಿಂದೆಯೇ ಸಿಟ್ಟು ನೆತ್ತಿಗೇರಿತು.

“ಮೂರು ವಾರ ನನ್ನ ಬಾಯಲ್ಲಿ ಅಷ್ಟೆಲ್ಲ ಮಾತಾಡಿಸಿದಿರಲ್ಲ! ಮೊದಲ ದಿನಾನೇ ಹೇಳೋಕೆ ಏನಾಗಿತ್ತು ನಿಮಗೆ? ಕೂತು ನಗ್ತಾ ಇದ್ದಿರಾ?”

“ನಗಲಿಲ್ಲಮ್ಮ.” ಮೇಷ್ಟ್ರು ಕೋಲಿನ ಹಿಡಿಯನ್ನು ಉಜ್ಜುತ್ತಾ ನಿಂತರು. “ಮೂವತ್ತು ವರ್ಷ ಚಿತ್ರ ಬರೆದೆ. ನನ್ನ ಚಿತ್ರದ ಬಗ್ಗೆ ಯಾರೂ ಐದು ನಿಮಿಷ ಮಾತಾಡಿದ್ದಿಲ್ಲ. ನೀವು ಮಾತಾಡ್ತಿದ್ರಿ. ಕೇಳೋಕೆ ಚೆನ್ನಾಗಿತ್ತು, ಬಿಡೋಕೆ ಮನಸ್ಸು ಬರಲಿಲ್ಲ. ತಪ್ಪು ನನ್ನದೇ.”

ಆಗ ಯಜಮಾನರು ಹೊರಗೆ ಬಂದು ಅವರಿಗೆ ಸ್ಟೂಲು ಎಳೆದು ಕೊಟ್ಟರು. ಕೇಳಬೇಕಾದ್ದನ್ನು ಅವರೇ ಕೇಳಿದರು. “ಆ ಕಡೆ ಏನಿದೆ ಮೇಷ್ಟ್ರೇ?”

“ನನ್ನ ಹೆಂಡತಿ.”

ಹೆಂಡತಿಗೆ ಕಾಯಿಲೆ ಜಾಸ್ತಿಯಾದಾಗ ಮೇಷ್ಟ್ರು ಶಾಲೆಯಿಂದ ಹಲಗೆ ತಂದು, ಮಕ್ಕಳಿಗೆ ಕೊಡುವ ಪೋಸ್ಟರ್ ಬಣ್ಣದಲ್ಲೇ ಅವರನ್ನು ನಲವತ್ತು ದಿನ ಕೂರಿಸಿ ಬರೆದರಂತೆ. ಹೆಂಡತಿ ತೀರಿಹೋದ ಮೇಲೆ ನೋಡಲಾಗದೆ ತಾವೇ ಅದರ ಮೇಲೆ ಕಾಗದ ಮುಚ್ಚಿ ಅಂಚಿಗೆ ಅಂಟಿಸಿದರಂತೆ. ಮನೆ ಖಾಲಿ ಮಾಡುವಾಗ ಅಳಿಯ ಅದನ್ನೂ ಉಳಿದ ಚಿತ್ರಗಳ ಜತೆ ಡಾಕ್ಟರಿಗೆ ಕೊಟ್ಟುಬಿಟ್ಟ. ತಿಳಿಯುವ ಹೊತ್ತಿಗೆ ಡಾಕ್ಟರು ಊರು ಬಿಟ್ಟಿದ್ದರು.

“ಅವರ ಫೋಟೋ ಇಲ್ವಾ?” ಎಂದೆ.

“ಬೇಕಾದಷ್ಟಿದೆ. ಫೋಟೋದಲ್ಲೆಲ್ಲ ಅವಳು ಕ್ಯಾಮೆರಾ ನೋಡಿದಾಳೆ. ಇದರಲ್ಲಿ ನನ್ನ ನೋಡಿದಾಳೆ. ಇನ್ನೊಂದು ಸಲ ನೋಡಲಿ ಅಂತ ಬಂದೆ. ಬಿಚ್ಚಿ ಅಮ್ಮಾ.”

ಪೋಸ್ಟರ್ ಬಣ್ಣ! ನೀರು ತಾಗಿದರೆ ಕರಗುವ ಬಣ್ಣ! ಅದರ ಮೇಲೆ ನಾನು ಹಸಿ ಅಂಟು ಸುರಿದಿದ್ದೇನೆ, ಸಡಿಲ ಕಾಗದದ ಮೂಲಕ ಇಳಿಯುವಷ್ಟು. ಮೂವತ್ತೊಂದು ವರ್ಷದ ಕೆಲಸ ನನಗೆ ಏನು ಕಲಿಸಿದೆಯೋ ಇಲ್ಲವೋ, ಒಳಗೆ ಏನಾಗಿರಬಹುದು ಎಂಬುದನ್ನು ಮಾತ್ರ ಚೆನ್ನಾಗಿ ಹೇಳಿಕೊಟ್ಟಿತ್ತು.

“ಬೇಡ ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಕಾಗದ ಕಿತ್ತರೆ ಬಣ್ಣ ಅದರ ಜತೆ ಬಂದುಬಿಡಬಹುದು. ಕೀಳದೇ ಇದ್ದರೆ ಒಳಗಾದರೂ ಇರ್ತಾರೆ.”

“ಒಳಗೆ ಇದ್ದರೆ ಯಾರನ್ನ ನೋಡ್ತಾಳೆ? ಕಾಗದಾನಾ?” ಮೊದಲ ಸಲ ಅವರ ದನಿ ಏರಿತು. “ಬಿಚ್ಚಿ. ನಿಮ್ಮ ಕೈ ಚೆನ್ನಾಗಿದೆ ಅಂತ ನೀವೇ ದಿನಾ ಹೇಳ್ತಿದ್ರಲ್ಲ.”

ಹಲಗೆಯನ್ನು ಕಟ್ಟಿನಿಂದ ಬಿಡಿಸಿ ಮೇಜುಬಟ್ಟೆಯ ಮೇಲೆ ಬೋರಲು ಮಲಗಿಸಿದೆ. ಅಂದರೆ ನನ್ನ ಬಯಲು, ನನ್ನ ಬೆಳಕು, ನಡೆಯುವ ನನ್ನ ಮನುಷ್ಯ ಎಲ್ಲ ಕೆಳಗಾಯಿತು. ನೀರು, ಆವಿ ಏನೂ ಮುಟ್ಟಿಸುವ ಹಾಗಿಲ್ಲ. ತೆಳು ಚಾಕುವನ್ನು ಕೆಳಗಿನ ಅಂಚಿಗೆ ತೂರಿಸಿ, ಎರಡೂ ಕಾಗದವನ್ನು ಒಟ್ಟಿಗೆ, ಉಗುರಿನಷ್ಟು ಉಗುರಿನಷ್ಟು ಎತ್ತುತ್ತಾ ಹೋದೆ. ಯಜಮಾನರು ದೀಪ ಹಿಡಿದು ನಿಂತರು.

ಮೊದಲು ಹಸಿರು ಕಾಣಿಸಿತು. ಸ್ವೆಟರಿನ ಹಸಿರು. ಹೆಣಿಗೆಯ ಎಳೆ ಕೂಡ ತಿಳಿಯುವಷ್ಟು ಸ್ವಚ್ಛವಾಗಿ ಬಂತು! “ಬಂತು ಮೇಷ್ಟ್ರೇ, ಬಂತು!” ಎಂದು ಕೂಗಿಬಿಟ್ಟೆ. ಅವರು ಸ್ಟೂಲಿನಿಂದ ಎದ್ದು ಮೇಜಿಗೆ ಒರಗಿ ನಿಂತರು. ಮಡಿಲಲ್ಲಿಟ್ಟ ಕೈ ಬಂತು. ಕಾಲರ್ ಬಂತು, ಕತ್ತು ಬಂತು. ಗಲ್ಲದ ಕೆಳಗಿನ ಒಂದು ಸಣ್ಣ ಮಚ್ಚೆ ಬಂತು. ಅದನ್ನು ನೋಡಿ ಮೇಷ್ಟ್ರ ಬಾಯಿಂದ ಸಣ್ಣ ಸದ್ದೊಂದು ಬಂತು.

ಅಲ್ಲಿಂದ ಮೇಲೆ ಕಾಗದ ಬಿಗಿಯಾಯಿತು.

ಅಂಟು ಸುರಿಯುವವರು ಯಾವತ್ತೂ ನಡುವೆ ಸುರಿದು ಅಂಚಿಗೆ ಹರಡುತ್ತಾರೆ. ಆ ನಡುವಿನಲ್ಲೇ ಮುಖ ಇತ್ತು. ಚಾಕು ಎಷ್ಟು ಮೆಲ್ಲಗೆ ಆಡಿಸಿದರೂ ಚರಚರ ಸದ್ದಾಗತೊಡಗಿತು. ನಿಲ್ಲಿಸಿದೆ. “ನಿಲ್ಲಿಸಬೇಡಿ,” ಎಂದರು. ಕಣ್ಣು ಮಂಜಾಗಿ ಏನೂ ಕಾಣದೆ ಕೈಯ ಅಂದಾಜಿನಲ್ಲೇ ಎತ್ತಿದೆ. ಕಾಗದ ಒಮ್ಮೆಲೇ ಬಿಟ್ಟುಕೊಂಡು ನನ್ನ ಕೈಗೆ ಬಂತು.

ಹಲಗೆಯ ಮೇಲೆ ಹಣೆಯ ಅಂಚು, ಒಂದು ಕಿವಿ, ತಲೆಗೂದಲು. ನಡುವೆ ಅಂಗೈಯಗಲ ಬರಿ ಹಲಗೆ. ಕಣ್ಣು, ಮೂಗು, ಬಾಯಿ ಏನೂ ಇರಲಿಲ್ಲ. ಕಾಗದ ತಿರುಗಿಸಿದೆ. ಅಲ್ಲಿ ಒಂದಿಷ್ಟು ಕಂದು ಹಕ್ಕಳೆ ಅಂಟಿಕೊಂಡಿತ್ತು. ಮುಟ್ಟಿದ ಕೂಡಲೇ ಪುಡಿಯಾಗಿ ಮೇಜುಬಟ್ಟೆಯ ಮೇಲೆ ಉದುರಿತು.

“ಅಯ್ಯೋ,” ಎಂದೆ. ಅದೊಂದೇ ಮಾತು ಬಂದದ್ದು.

ಮೇಷ್ಟ್ರು ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅಂಥ ನೋಟವನ್ನು ನಾನು ಯಾರಿಂದಲೂ ಕಂಡಿಲ್ಲ, ಮುಂದೆ ಕಾಣುವುದೂ ಬೇಡ. “ಒಂದೇ ಒಂದು ಸಲ,” ಎಂದರು, “ಹಳೇ ಕಾಗದ ಕಿತ್ತು ನೋಡಬಹುದಿತ್ತಲ್ಲಮ್ಮ.”

ಕೋಲನ್ನೂ ತೆಗೆದುಕೊಳ್ಳದೆ ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತರು. ಯಜಮಾನರು ನೀರು ತೆಗೆದುಕೊಂಡು ಹಿಂದೆಯೇ ಓಡಿದರು. ನಾನು ಅಲ್ಲೇ ನಿಂತಿದ್ದೆ, ಚಾಕು ಕೈಯಲ್ಲೇ ಇತ್ತು. ತಲೆಯೊಳಗೆ ಒಂದೇ ಸುತ್ತುತ್ತಿತ್ತು: ಅವರು ಮುಚ್ಚಿಟ್ಟಿದ್ದರು, ನಾನು ಕೊಂದೆ. ನೂರು ವರ್ಷ ಬಾಳಲಿ ಎಂದು ಸುರಿದು ಸುರಿದು ಕೊಂದೆ.

ಎರಡು ಬಸ್ಸು ಬಂದು ಹೋದವು. ಮೇಷ್ಟ್ರು ಹತ್ತಲಿಲ್ಲ. ಮೂರನೆಯದು ಬರುವ ಮೊದಲು ಎದ್ದು ವಾಪಸ್ ಬಂದರು. ಕೋಲಿಗೆ ಬಂದಿದ್ದಾರೆಂದು ಅದನ್ನು ಎತ್ತಿ ಕೊಡಹೋದೆ. ಅವರು ಅದನ್ನು ಬದಿಗೆ ಸರಿಸಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ನನ್ನ ಬಯಲು ಮೇಲಾಯಿತು.

“ಮೊದಲ ಕಾಗದ ಅಂಟಿಸಿದೋನು ನಾನೇ ಅಲ್ವಾ,” ಎಂದು ತಮಗೆ ತಾವೇ ಹೇಳಿಕೊಂಡರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಗ್ಗಿದರು. ಈ ಮೈಯನ್ನು ಅವರು ಸರಿಯಾಗಿ ನೋಡಿದ್ದು ಇದೇ ಮೊದಲು.

“ಇದು ಸ್ವೆಟರು,” ಎಂದರು, ಹಸಿರಿನ ಮೇಲೆ ಬೆರಳಿಟ್ಟು. ಬೆರಳು ಹಳದಿ ಸೀಳಿಗೆ ಹೋಯಿತು. “ಇದು ಕಿಟಕಿ ಬೆಳಕು, ಅವಳ ಹಣೆ ಮೇಲೆ ಬೀಳ್ತಿತ್ತು. ಬೂದಿ ಎಲ್ಲ ತಲೆಗೂದಲು. ಎಷ್ಟು ಸಲ ಒರೆಸಿದೀನಿ ನೋಡಿ, ಅವಳ ಕೂದಲು ಬರೆಯೋದು ನನಗೆ ಕಷ್ಟವಾಗಿತ್ತು.” ನಡುವಿನ ತೆಳುಗೆಂಪಿನ ಮೇಲೆ ಅಂಗೈ ಇಟ್ಟರು. “ಇದು ಕೆನ್ನೆ.”

ಎಡಗಡೆ ತೀರಾ ಕೆಳಗೆ ಬಂದು ಬೆರಳು ನಿಂತಿತು. ಬೇಡ, ಅವನನ್ನು ಬಿಟ್ಟುಬಿಡಿ ಎಂದು ನನ್ನ ಜೀವ ಕೂಗಿತು. ಬಾಯಿ ತೆರೆಯಲಿಲ್ಲ.

“ನಡೀತಿರೋ ಮನುಷ್ಯ ಅಂತಿದ್ರಲ್ಲ. ಇದು ಕೊನೇ ದಿನದ್ದು. ಕಣ್ಣಿನ ಕಪ್ಪು ಕೊನೇಗೆ ಹಾಕೋದು. ಎಡಗಣ್ಣಿಗೆ ಇಟ್ಟು ಒಂದು ಸಲ ಒರೆಸಿದೆ, ಬಲಗಣ್ಣಿಗೆ ಇಟ್ಟು ಒಂದು ಸಲ. ಮಾರನೇ ದಿನ ಅವಳು ಕೂರೋ ಸ್ಥಿತೀಲಿ ಇರಲಿಲ್ಲ.”

ಒಂಬತ್ತು ವರ್ಷ, ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನಾನು ಹೋಗಿ ನಿಲ್ಲುತ್ತಿದ್ದದ್ದು ಆ ಎರಡು ಗೀಟಿನ ಮುಂದೆ. ಅಕ್ಕನಿಗಾಗಿ ಅತ್ತದ್ದು, ಯಜಮಾನರ ಮೇಲೆ ದೂರು ಹೇಳಿದ್ದು, ತಲೆ ಬಾಚಿಕೊಂಡದ್ದು ಎಲ್ಲ ಮೇಷ್ಟ್ರ ಹೆಂಡತಿಯ ಕಣ್ಣ ಮುಂದೆ.

“ಕಟ್ಟು ಹಾಕಿ ಕೊಡಿ, ತಗೊಂಡು ಹೋಗ್ತೀನಿ,” ಎಂದರು ಮೇಷ್ಟ್ರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಹಲಗೆ ಎತ್ತಿಕೊಂಡೆ. ಮಾವ ಬೇಡವೆಂದಿದ್ದ ಮಾತನ್ನು ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗಿರಾಕಿಯ ಹತ್ತಿರ ಕೇಳಿದೆ.

“ಮುಖ ಯಾವ ಕಡೆ ಮೇಷ್ಟ್ರೇ?”

ಅವರು ಆ ಎರಡು ಕಪ್ಪು ಗೀಟನ್ನು ನೋಡುತ್ತಲೇ ಇದ್ದರು. “ಈ ಕಡೆ,” ಎಂದರು. “ಇಲ್ಲಿಂದ ನೋಡ್ತಿದ್ದಾಳೆ.”

ನಾಲ್ಕು ಮೂಲೆಗೂ ಮೊಳೆ ಬಡಿದೆ. ಬೆನ್ನಿಗೆ ಕಾಗದ ಅಂಟಿಸಲಿಲ್ಲ.